ಎಲೆ ಎಣಿಸಿ ರುಚಿ ಹೇಳುವವರು

ನಾನು ಬಿ.ಎ., ಬಿ.ಎಡ್. ಮಾಡಿದ ಕನ್ನಡ ಮೇಷ್ಟ್ರಮ್ಮ. ರಸಾಯನಶಾಸ್ತ್ರಕ್ಕೂ ನನಗೂ ಇರುವ ನಂಟು ಹುಣಸೇಹಣ್ಣು ಹಚ್ಚಿ ಹಿತ್ತಾಳೆ ಚೊಂಬು ಬೆಳಗುವಷ್ಟೇ. ಆದರೂ ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗದು.

ಹೋದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಸಾವಯವ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ಕೈಗೆ ಕೊಟ್ಟ ಕಾಫಿ ಆರಿಹೋಯಿತು. "ಕೆಲಸ ಸಿಗಲಿಲ್ಲ ಮಿಸ್. ನನ್ನ ಎಚ್-ಇಂಡೆಕ್ಸ್ ಸಾಲದಂತೆ. ಮಗು ಆದಾಗ ಎರಡು ವರ್ಷ ಪೇಪರ್ ಬರೆದಿರಲಿಲ್ಲವಲ್ಲ" ಎಂದಳು.

"ನೀನು ಬರೆದದ್ದನ್ನು ಅವರು ಓದಿದರೇನೇ?" ಎಂದೆ.

"ಇಲ್ಲ ಮಿಸ್, ಎಣಿಸಿದರು."

ಏನಿದು ಇಂಡೆಕ್ಸು ಎಂದು ಅವಳಿಂದಲೇ ಹೇಳಿಸಿಕೊಂಡೆ. ಒಬ್ಬರ ಸಂಶೋಧನಾ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ತಲಾ ಹತ್ತಾದರೂ ಉಲ್ಲೇಖ ಬಂದ ಹತ್ತು ಲೇಖನಗಳಿದ್ದರೆ ಎಚ್-ಇಂಡೆಕ್ಸ್ ಹತ್ತು. ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಹಾಕಿಕೊಟ್ಟ ಲೆಕ್ಕವಿದು. ಅದಕ್ಕೂ ಮೊದಲು, 1964ರಲ್ಲಿ, ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಉಲ್ಲೇಖಗಳ ಸೂಚಿಯನ್ನು ಹೊರತಂದಿದ್ದರು. ಬೇಕಾದ ಲೇಖನವನ್ನು ಹುಡುಕಲೆಂದು ಹುಟ್ಟಿದ ಸೂಚಿ ಈಗ ಮನುಷ್ಯರನ್ನು ತೂಗುವ ತಕ್ಕಡಿಯಾಗಿದೆ.

ಮದುವೆಮನೆಯಲ್ಲಿ ಎಷ್ಟು ಎಲೆ ಬಿತ್ತೆಂದು ಎಣಿಸಿ ಅಡುಗೆಯ ರುಚಿ ಹೇಳುವವರನ್ನು ನೀವು ಏನೆನ್ನುತ್ತೀರಿ? ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಲೇಖನ 1951ರಲ್ಲಿ ಲೌರಿ ಮತ್ತು ಸಂಗಡಿಗರು ಬರೆದದ್ದು. 2014ರ ಹೊತ್ತಿಗೇ ಮೂರು ಲಕ್ಷ ದಾಟಿತ್ತು. ಅದರಲ್ಲಿರುವುದು ಪ್ರೋಟೀನನ್ನು ಅಳೆಯುವ ಒಂದು ವಿಧಾನ. ಅದೇನೂ ಮಹಾ ಲೇಖನವಲ್ಲವೆಂದು ಲೌರಿಯವರೇ ಹೇಳಿದ್ದರು. ಉಪ್ಪು ಎಲ್ಲರ ಮನೆಗೂ ಬೇಕು. ಹಾಗೆಂದು ಉಪ್ಪಿನ ಡಬ್ಬಿಗೆ ಪಾಕಪ್ರವೀಣೆ ಎಂಬ ಬಿರುದು ಕೊಡುತ್ತೇವೆಯೇ?

ಅವಳು ಹೋದ ಮೇಲೆ ನನಗೆ ಕಲ್ಕತ್ತೆಯ ಅಸೀಮಾ ಚಟರ್ಜಿ ನೆನಪಾದರು. ಅವರೂ ಸಾವಯವ ರಸಾಯನಶಾಸ್ತ್ರಜ್ಞೆ. 1944ರಲ್ಲಿ ಡಿ.ಎಸ್ಸಿ. ಪಡೆದರು. 1947ರಲ್ಲಿ ಹಸುಗೂಸನ್ನು ಜೊತೆಗೆ ಕರೆದುಕೊಂಡೇ ಸಂಶೋಧನೆಗೆ ಅಮೆರಿಕಕ್ಕೆ ಹೋದರು. ಮರಳಿ ಬಂದಾಗ ಇಲ್ಲಿ ಉಪಕರಣವಿಲ್ಲ, ರಾಸಾಯನಿಕಗಳಿಗೆ ಹಣವಿಲ್ಲ. ವಿಶ್ಲೇಷಣೆಗೆ ಮಾದರಿಗಳನ್ನು ಹೊರದೇಶಕ್ಕೆ ಕಳಿಸಬೇಕು. ಅಂಥದ್ದರಲ್ಲಿ ಸರ್ಪಗಂಧದಂಥ ಗಿಡಗಳ ಸಾರವನ್ನು ಬೇರ್ಪಡಿಸಿ ಅದರ ರಚನೆ ಕಂಡುಹಿಡಿದರು. ಬಂಗಾಳದವರು ಸೊಪ್ಪಾಗಿ ತಿನ್ನುವ ನಾಲ್ಕೆಲೆಯ ನೀರುಗಿಡದಿಂದ ಮೂರ್ಛೆರೋಗಕ್ಕೆ ಔಷಧಿ ರೂಪಿಸಿದರು. ಬರೆದ ಲೇಖನಗಳು ಸುಮಾರು 400. ಜೊತೆಗೆ ನಮ್ಮ ದೇಶದ ಔಷಧೀಯ ಸಸ್ಯಗಳ ಬಗ್ಗೆ ಬಂಗಾಳಿಯಲ್ಲಿ ಆರು ಸಂಪುಟಗಳನ್ನು ಸಂಪಾದಿಸಿದರು.

ಸಂಖ್ಯೆಯಲ್ಲೂ ಅವರು ದೊಡ್ಡವರೇ, ಒಪ್ಪಿದೆ. ಆದರೆ ಆ ಒಂದು ಲೇಖನದ ಹಿಂದೆ ಎಷ್ಟು ತಿಂಗಳ ಕಾಯುವಿಕೆಯಿತ್ತೆಂದು ಯಾವ ಇಂಡೆಕ್ಸ್ ಹೇಳುತ್ತದೆ? ಬಂಗಾಳಿಯ ಆರು ಸಂಪುಟಗಳಿಗೆ ಇಂಗ್ಲಿಷ್ ಪತ್ರಿಕೆಗಳ ಈ ಲೆಕ್ಕದಲ್ಲಿ ಎಷ್ಟು ಬೆಲೆ ಸಿಕ್ಕೀತು? ಮಡಿಲಲ್ಲಿದ್ದ ಮಗುವನ್ನು ಯಾವ ಕಲಮಿನಲ್ಲಿ ಬರೆಯುತ್ತಾರೆ?

ಲೆಕ್ಕವಿಲ್ಲದಿದ್ದರೆ ಶಿಫಾರಸು, ಜಾತಿ, ನೆಂಟಸ್ತಿಕೆ ನುಗ್ಗುತ್ತವೆ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ನಾನೂ ಮೂವತ್ತು ವರ್ಷದಿಂದ ಅಂಕ ಕೊಡುತ್ತಿರುವವಳೇ. ಆದರೆ ಅಂಕ ಕೊಡುವ ಮುನ್ನ ಉತ್ತರಪತ್ರಿಕೆ ಓದುತ್ತೇನೆ. ಪುಟ ಎಣಿಸಿ ಅಂಕ ಹಾಕಿದರೆ ಮಾರನೆಯ ದಿನವೇ ಪೋಷಕರು ಶಾಲೆಯ ಬಾಗಿಲಿಗೆ ಬರುತ್ತಾರೆ. ದೊಡ್ಡ ವಿದ್ಯಾಸಂಸ್ಥೆಯವರನ್ನು ಮಾತ್ರ ಯಾರೂ ಕೇಳಬಾರದೇ?

ನಾವೂ ಪೂರ್ತಿ ನಿರಪರಾಧಿಗಳಲ್ಲ. ಪಕ್ಕದ ಮನೆಯ ಹುಡುಗಿ ಎದುರಾದರೆ "ಏನು ಓದಿದೆ?" ಎನ್ನುವುದಿಲ್ಲ, "ಎಷ್ಟು ಪರ್ಸೆಂಟು?" ಎನ್ನುತ್ತೇವೆ. ಆ ಅಭ್ಯಾಸವೇ ಬೆಳೆದು ಸಂದರ್ಶನದ ಮೇಜಿನ ಆಚೆ ಕುಳಿತಿದೆ.

ಮೊನ್ನೆ ಅವಳಿಗೆ ಫೋನು ಮಾಡಿದ್ದೆ. ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆಯಂತೆ. "ಅವರು ನಿನ್ನ ಸಂಖ್ಯೆ ಕೇಳಿದರೆ ಹೇಳು. ಆಮೇಲೆ, ನನ್ನ ಲೇಖನಗಳಲ್ಲಿ ನೀವು ಯಾವುದನ್ನು ಓದಿದಿರಿ ಸರ್ ಎಂದು ವಿನಯದಿಂದಲೇ ಕೇಳು" ಎಂದೆ.

"ಹಾಗೆ ಕೇಳಿದರೆ ಕೆಲಸ ಕೊಡುತ್ತಾರಾ ಮಿಸ್?" ಎಂದು ನಕ್ಕಳು.

ಆ ನಗುವಿಗೆ ಉತ್ತರ ಕೊಡಬೇಕಾದವಳು ನಾನಲ್ಲ.