ಇಂಗ್ಲಿಷ್ ನಾಟಕಕ್ಕೆ ಮನೆಯ ಕನ್ನಡ

ಐ.ಸಿ.ಎಸ್.ಇ. ಶಾಲೆಗಳಲ್ಲಿ ಇಂಗ್ಲಿಷಿನ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಅದಕ್ಕಾಗಿ ಕೆಲವೆಡೆ ಮಕ್ಕಳು ನಾಟಕದ ದೃಶ್ಯವೊಂದನ್ನು ಅಭಿನಯಿಸಬೇಕಾಗುತ್ತದೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ದುಡಿಯುವ ನಮ್ಮ ತಂದೆತಾಯಿಗಳು, ತಮಗೆ ಅಷ್ಟು ಇಂಗ್ಲಿಷ್ ಬಾರದೆಂದು ಹಿಂಜರಿದು, ಮಗುವನ್ನು ಟ್ಯೂಷನ್ನಿಗೆ ಒಪ್ಪಿಸಿಬಿಡುತ್ತಾರೆ. ನಮ್ಮ ನೆರೆಮನೆಯ ಬಾಲಕಿಯೊಬ್ಬಳು ಷೈಲಾಕನ ಮಾತುಗಳನ್ನು ಅರ್ಥವರಿಯದೆ ಉರುಹೊಡೆದು, ಒಂದು ಪದ ತಪ್ಪಿದೊಡನೆ ತರಗತಿಯ ಮುಂದೆ ಕಣ್ಣೀರಿಟ್ಟಳು.

ಈ ಹಿಂಜರಿಕೆ ಅನಾವಶ್ಯಕವೆಂದು ನನ್ನ ಅಭಿಪ್ರಾಯ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಕುವೆಂಪು ಅವರ ಕೈಯಲ್ಲಿ ಬಿದನೂರಿನ ‘ರಕ್ತಾಕ್ಷಿ’ಯಾಯಿತು, ‘ಟೆಂಪೆಸ್ಟ್’ ‘ಬಿರುಗಾಳಿ’ಯಾಯಿತು. ಮಕ್ಕಳಿಗೂ ಇದೇ ಹಾದಿ ಹಿತ. ಮೊದಲು ದೃಶ್ಯವನ್ನು ಮನೆಯ ಕನ್ನಡದಲ್ಲಿಯೇ ಹೇಳಿಸಿರಿ: ಇವನಿಗೇಕೆ ಸಿಟ್ಟು, ಅವಳೇಕೆ ಮೌನ? ಭಾವ ತಿಳಿದ ಮಗು ಒಂದು ಪದ ಮರೆತರೂ ಕಂಗೆಡದು.

ಕಂಠದ ಆರೋಗ್ಯವನ್ನೂ ಮರೆಯಲಾಗದು. ಅಭ್ಯಾಸದಲ್ಲಿ ಕಿರುಚುವುದು ಬೇಡ. ಆಗಾಗ ನೀರು ಕುಡಿಯಲಿ. ಹಿಂದಿನ ರಾತ್ರಿ ಕಂಠಪಾಠಕ್ಕಿಂತ ನಿದ್ರೆಯೇ ಮೇಲು.

ಪರೀಕ್ಷೆ ಮುಗಿದ ಮೇಲೆ ಅದೇ ದೃಶ್ಯವನ್ನು ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡದಲ್ಲಿ ಆಡಿಸೋಣ. ಊರಿನಿಂದ ಬಂದ ಅಜ್ಜಿಯೂ ಮೊಮ್ಮಗಳ ಪಾಠವನ್ನು ಕೇಳಿ ನಲಿಯಲಿ.