ಹೇಳಲು ನಾಚಿಕೆ, ಕೊಡಲು ಸಂಕಟ



ಈ ಸಲದ ಬರಹದ ವಿಷಯ ನಾಯಿಯ ಗುದಗ್ರಂಥಿ. ಊಟದ ಹೊತ್ತಿನಲ್ಲಿ ಓದಲು ಕುಳಿತವರು ಊಟ ಮುಗಿಸಿಕೊಂಡು ಬರಲಿ. ಆದರೆ ಬಾರದೆ ಮಾತ್ರ ಇರಬೇಡಿರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ನಿಮ್ಮ ಮನೆಗಳಿವೆ. ಅವುಗಳಲ್ಲಿ ಬಹಳಷ್ಟು ಮನೆಗಳಲ್ಲಿ ಈಗ ನಾಯಿಗಳಿವೆ. ಮೊದಲಿನಂತೆ ಹೊಲ ಕಾಯುವ, ಕುರಿಹಿಂಡಿನ ಹಿಂದೆ ಓಡುವ ನಾಯಿಗಳಷ್ಟೇ ಅಲ್ಲ. ಸೋಫಾದ ಮೇಲೆ ಮಲಗುವ ಪಾಮೇರಿಯನ್, ಪಗ್, ಲ್ಯಾಬ್ರಡಾರ್‌ಗಳೂ ಇವೆ. ಅವುಗಳಲ್ಲಿ ಕೆಲವು ಆಗಾಗ ಹಿಂಗಾಲುಗಳನ್ನು ಮುಂದಕ್ಕೆ ಚಾಚಿ, ಕುಂಡೆಯನ್ನು ನೆಲಕ್ಕೆ ಊರಿ, ಅಂಗಳದುದ್ದಕ್ಕೂ ತಿಕ್ಕಿಕೊಳ್ಳುತ್ತ ಹೋಗುತ್ತವೆ. ಮಕ್ಕಳು ಅದನ್ನು ಕಂಡು ನಗುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಕೇಳಿದರೆ ದೊಡ್ಡವರದು ಮೂರು ಉತ್ತರ. "ಏನಿಲ್ರಿ ಸರ, ಹೊಟ್ಯಾಗ ಜಂತ ಆಗ್ಯಾವು" ಎಂಬುದು ಮೊದಲನೆಯದು. "ಇಸ್ಸಿ, ಅದನ್ನ ಯಾರಿಗೆ ತೋರಿಸೂದ್ರಿ?" ಎಂಬುದು ಎರಡನೆಯದು. "ನಾಯಿಗ್ಯಾಕ್ರಿ ಅಷ್ಟು ರೊಕ್ಕ?" ಎಂಬುದು ಮೂರನೆಯದು.

ಈ ಮೂರೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ಈ ರೋಗ ದುಬಾರಿಯದಲ್ಲ. ನಮ್ಮ ಅಜ್ಞಾನ, ನಮ್ಮ ನಾಚಿಕೆ, ನಮ್ಮ ತಾತ್ಸಾರ, ಇವುಗಳ ಜೊತೆಗೆ ನಮ್ಮ ಊರಿಗೂ ನಾಯಿಯನ್ನು ಮುಟ್ಟಿ ನೋಡುವ ವೈದ್ಯರಿಗೂ ನಡುವೆ ಇರುವ ದೂರ, ಇವೇ ಅದನ್ನು ದುಬಾರಿ ಮಾಡಿವೆ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ನಾಯಿಯ ಗುದದ್ವಾರದ ಎರಡೂ ಬದಿಗೆ, ಚರ್ಮದ ಒಳಗೆ, ಒಂದೊಂದು ಸಣ್ಣ ಚೀಲವಿದೆ. ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿದರೆ ನಾಲ್ಕು ಗಂಟೆ ಮತ್ತು ಎಂಟು ಗಂಟೆಯ ಸ್ಥಾನಗಳಲ್ಲಿ ಅವು ಇರುತ್ತವೆ. ಅವುಗಳಲ್ಲಿ ಕೊಳೆತ ಮೀನಿನಂಥ ವಾಸನೆಯ ದ್ರವ ಸಂಗ್ರಹವಾಗುತ್ತದೆ. ನಾಯಿಗಳು ಒಂದನ್ನೊಂದು ಮೂಸಿ ಗುರುತು ಹಿಡಿಯುವುದರಲ್ಲಿ ಈ ವಾಸನೆಗೂ ಪಾಲಿದೆ. ಗಟ್ಟಿಯಾದ ಮಲ ಹೊರಬರುವಾಗ ಚೀಲಗಳ ಮೇಲೆ ಒತ್ತಡ ಬಿದ್ದು ದ್ರವ ತಾನಾಗಿ ಖಾಲಿಯಾಗುತ್ತದೆ. ಮಲ ಸದಾ ಮೆತ್ತಗಿದ್ದರೆ, ನಾಯಿ ಅತಿಯಾಗಿ ದಪ್ಪವಾಗಿದ್ದರೆ, ಚರ್ಮಕ್ಕೆ ಅಲರ್ಜಿಯಿದ್ದರೆ ದ್ರವ ಒಳಗೇ ಉಳಿದು ಗಟ್ಟಿಯಾಗುತ್ತದೆ. ಅಲ್ಲಿಂದ ಉರಿಯೂತ, ಕೀವು, ಕೊನೆಗೆ ಬಾವು ಒಡೆದು ಗುದದ ಪಕ್ಕದಲ್ಲೊಂದು ತೂತು. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಹೆಚ್ಚು.

ಇನ್ನು ಜಂತುವಿನ ವಾದ. ಇದು ಪೂರ್ತಿ ಸುಳ್ಳಲ್ಲ. ಚಿಗಟಗಳಿಂದ ಬರುವ ಲಾಡಿಹುಳುವಿನ ತುಣುಕುಗಳು ಅಕ್ಕಿಕಾಳಿನಂತೆ ಗುದದ ಸುತ್ತ ಅಂಟಿಕೊಂಡಾಗಲೂ ನಾಯಿ ನೆಲಕ್ಕೆ ತಿಕ್ಕಿಕೊಳ್ಳುತ್ತದೆ. ಆದರೆ ಔಷಧದ ಅಂಗಡಿಗೆ ಹೋಗಿ ಜಂತಿನ ಗುಳಿಗೆ ತಂದು ಒಮ್ಮೆ ಹಾಕಿ, ಗುಣವಾಗದಿದ್ದಾಗ ಮತ್ತೊಮ್ಮೆ ಹಾಕಿ, ಆಗಲೂ ಗುಣವಾಗದಿದ್ದಾಗ ಮೂರನೆಯ ಸಲ ಹಾಕುವುದಕ್ಕೆ ಏನೆನ್ನಬೇಕು? ಲೆಕ್ಕ ತಪ್ಪಾದಾಗ ಅದೇ ತಪ್ಪು ಸೂತ್ರವನ್ನು ಮೂರು ಸಲ ಬರೆದು ತಂದ ಹುಡುಗರಿಗೆ ನಾನು ಹೇಳುತ್ತಿದ್ದ ಮಾತು ನಿಮಗೆ ನೆನಪಿರಬಹುದು. ಗುಳಿಗೆಗೆ ಗುಣವಾಗದ ನೋವು ಜಂತುವಿನದಲ್ಲ. ಬಾಲದ ಬುಡವನ್ನು ಪದೇ ಪದೇ ನೆಕ್ಕುವುದು, ಕಚ್ಚಿಕೊಳ್ಳುವುದು, ಮಲವಿಸರ್ಜನೆಯ ಹೊತ್ತಿಗೆ ಕುಂಯ್ಗುಡುವುದು, ಕುಳಿತಲ್ಲಿಂದ ತಟ್ಟನೆ ಎದ್ದು ಹಿಂದಕ್ಕೆ ನೋಡುವುದು, ಮೀನಿನ ವಾಸನೆ, ಇವೆಲ್ಲ ಬೇರೆಯೇ ಕಥೆ ಹೇಳುತ್ತಿರುತ್ತವೆ.

ಎರಡನೆಯದು ನಾಚಿಕೆ. ನಮ್ಮ ಭಾಗದಲ್ಲಿ ಮನುಷ್ಯರೇ ಮೂಲವ್ಯಾಧಿಯನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ, ನಾಯಿಯ ಗತಿಯೇನು? ವಾಸನೆ ಬಂತೆಂದು ಅದನ್ನು ಪಡಸಾಲೆಯಿಂದ ಹಿತ್ತಲಿಗೆ ಕಟ್ಟುತ್ತಾರೆ. ಹಿತ್ತಲಿಗೆ ಹೋದ ನಾಯಿಯನ್ನು ಯಾರೂ ತಡವಿ ನೋಡುವುದಿಲ್ಲ. ಬಾವು ಒಡೆದ ಮೇಲೆ ನೊಣಗಳು ಮುತ್ತಿ ಹುಳು ಬಿದ್ದಾಗಲೇ ಮನೆಯವರ ಕಣ್ಣಿಗೆ ಬೀಳುವುದು. ಆಗ ಅರಿಷಿಣ, ಬೂದಿ, ಚಿಮಣಿ ಎಣ್ಣೆ. ಕೆಲವೆಡೆ ಎತ್ತಿಗೆ ಹಾಕಿದಂತೆ ನಾಯಿಗೂ ಬರೆ. ಕೀವು ತುಂಬಿದ ಜಾಗಕ್ಕೆ ಚಿಮಣಿ ಎಣ್ಣೆ ಸುರಿಯುವುದು ಔಷಧವಲ್ಲ, ಶಿಕ್ಷೆ. ಇನ್ನು ತಮಗೆ ಬರೆದುಕೊಟ್ಟ ನೋವಿನ ಗುಳಿಗೆಯನ್ನೇ ಅರ್ಧ ಮಾಡಿ ತಿನ್ನಿಸುವವರಿದ್ದಾರೆ. ಮನುಷ್ಯರ ಐಬುಪ್ರೊಫೆನ್, ಪ್ಯಾರಸಿಟಮಾಲ್‌ಗಳು ನಾಯಿಗೆ ವಿಷವಾಗಬಲ್ಲವು. ದಯವಿಟ್ಟು ಆ ಜಾಣತನ ಬೇಡ.

ನಾಚಿಕೆಯ ಬೆಲೆ ಇಲ್ಲಿಗೇ ಮುಗಿಯುವುದಿಲ್ಲ. ಸವದತ್ತಿ ತಾಲೂಕಿನ ನಮ್ಮ ಬಂಧುಗಳ ಮನೆಯೊಂದರಲ್ಲಿ ನಡೆದದ್ದನ್ನು ಹೆಸರು ಹೇಳದೆ ಬರೆಯುತ್ತೇನೆ. ಆ ಮನೆಯ ನಾಯಿ ಕೆಲವು ವಾರಗಳಿಂದ ಸಿಡುಕುತ್ತಿತ್ತು, ಗುದವನ್ನು ನೆಕ್ಕಿಕೊಳ್ಳುತ್ತಿತ್ತು. ಆರು ವರ್ಷದ ಮಗು ಆಟಕ್ಕೆಂದು ಅದರ ಬಾಲ ಹಿಡಿದೆಳೆಯಿತು. ನಾಯಿ ಕಚ್ಚಿತು. ಅದಕ್ಕೆ ಹುಚ್ಚು ಹಿಡಿದಿದೆ ಎಂದು ಮನೆಯವರು ತೀರ್ಮಾನಿಸಿ, ಅದೇ ಸಂಜೆ ಗಾಡಿಯಲ್ಲಿ ಹಾಕಿಕೊಂಡು ಹೋಗಿ ದೂರದ ಗುಡ್ಡದ ಹಾದಿಯಲ್ಲಿ ಬಿಟ್ಟು ಬಂದರು. ಮರುದಿನ ಸರಕಾರಿ ದವಾಖಾನೆಯ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ನಾಯಿ ಎಲ್ಲೈತಿ?" ಎಂದು. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿಹಾಕಿ ನೋಡುವುದೇ ಕ್ರಮ. ಆ ಅವಧಿಯಲ್ಲಿ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲವೆಂದು ತಿಳಿಯುತ್ತದೆ. ಈಗ ನೋಡಲು ನಾಯಿಯೇ ಇರಲಿಲ್ಲ. ಮಗು ಎಲ್ಲ ಚುಚ್ಚುಮದ್ದುಗಳನ್ನೂ ತೆಗೆದುಕೊಂಡಿತು, ಅದು ಸರಿಯೇ. (ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ತಡಮಾಡದೆ ದವಾಖಾನೆಗೆ ಹೋಗಬೇಕು, ನಾಯಿಯನ್ನು ನೋಡೋಣ ಎಂದು ಲಸಿಕೆ ಮುಂದೂಡಬಾರದು.) ಆದರೆ ಬಾಲದ ಬುಡದಲ್ಲಿ ಕೀವು ತುಂಬಿಕೊಂಡಿದ್ದ ಆ ಮೂಕಪ್ರಾಣಿಯ ಗತಿ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ.

ಹಸಿವು ನೀರಡಿಕೆಗಳಿಂದ ನರಳುವಂತೆ ಸಾಕಿದ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ದಂಡ ಎಷ್ಟು ಗೊತ್ತೆ? ಮೊದಲ ಅಪರಾಧಕ್ಕೆ 10 ರೂಪಾಯಿಯಿಂದ 50 ರೂಪಾಯಿಯವರೆಗೆ. ಗುಡ್ಡಕ್ಕೆ ಹೋಗಿಬರುವ ಪೆಟ್ರೋಲಿಗೆ ಅದಕ್ಕಿಂತ ಹೆಚ್ಚು ಬೇಕು. ಬಿಟ್ಟು ಬರುವುದು ವೈದ್ಯರ ಬಳಿ ಒಯ್ಯುವುದಕ್ಕಿಂತ ಅಗ್ಗವಾಗಿರುವವರೆಗೆ ನಮ್ಮ ಬೀದಿಗಳಲ್ಲಿ ಯಜಮಾನರಿಲ್ಲದ ನಾಯಿಗಳು ಕಡಿಮೆಯಾಗವು. ಬೀದಿನಾಯಿಗಳ ಹಾವಳಿಯೆಂದು ಪುರಸಭೆಗೆ ಅರ್ಜಿ ಕೊಡುವ ಮಹನೀಯರು ಇದನ್ನೂ ಸ್ವಲ್ಪ ಯೋಚಿಸಲಿ.

ಈಗ ಮೂರನೆಯ ಉತ್ತರ, ರೊಕ್ಕ. ಬೈಲಹೊಂಗಲದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ತನ್ನ ಖರ್ಚಿನ ಚೀಟಿಗಳನ್ನು ನನ್ನ ಮುಂದೆ ಹರವಿ ಗೋಳಾಡಿದ. ಬಾವು ಒಡೆದ ನಾಯಿಯನ್ನು ಬೆಳಗಾವಿಗೆ ಎರಡು ಸಲ ಒಯ್ದು ತರಲು ಗಾಡಿಯ ಬಾಡಿಗೆ 3,600 ರೂಪಾಯಿ. ಗಾಯವನ್ನು ಕೊಯ್ದು ತೊಳೆದುದಕ್ಕೆ 2,500. ಔಷಧ ಮತ್ತು ಕೊರಳ ಪಟ್ಟಿಗೆ 1,400. ಒಟ್ಟು 7,500. "ನೋಡ್ರಿ ಸರ, ನಾಯಿ ರೋಗ ಎಷ್ಟು ತುಟ್ಟಿ!" ಎಂದ. ನಾನು ಚೀಟಿಗಳನ್ನು ಎರಡು ಗುಂಪು ಮಾಡಿ ಇಟ್ಟೆ. ಹತ್ತಿರ ಹತ್ತಿರ ಅರ್ಧದಷ್ಟು ಹಣ ಹೋದದ್ದು ರೋಗಕ್ಕಲ್ಲ, ಹಾದಿಗೆ. ಉಳಿದ ಅರ್ಧ ಹೋದದ್ದು ತಡಕ್ಕೆ. ಮೊದಲ ವಾರದಲ್ಲೇ ವೈದ್ಯರು ಕೈಗವಸು ಹಾಕಿಕೊಂಡು ಆ ಚೀಲಗಳನ್ನು ಒತ್ತಿ ಖಾಲಿ ಮಾಡಿದ್ದರೆ ಕೆಲವು ನಿಮಿಷಗಳ ಕೆಲಸ, ಕೆಲವು ನೂರು ರೂಪಾಯಿಗಳ ವೆಚ್ಚ. ನಾಯಿಮರಿಯನ್ನು ಅವನು ಕೊಂಡದ್ದು 9,000 ರೂಪಾಯಿಗೆ. ಕೊಳ್ಳುವಾಗ ತುಟ್ಟಿಯೆನಿಸದ ಪ್ರಾಣಿ ನರಳುವಾಗ ತುಟ್ಟಿಯೆನಿಸಿತು!

"ಮನುಷ್ಯರಿಗೇ ಔಷಧ ಸಿಗದ ನಾಡಿನಲ್ಲಿ ನಾಯಿಯ ಚಿಂತೆ ಮಾಡುತ್ತೀರಲ್ಲ" ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ಗೌರವವಿದೆ. ಮಳೆಯಿಲ್ಲದ ವರ್ಷದಲ್ಲಿ ಕುರಿಗಾಹಿಯೊಬ್ಬ ತನ್ನ ನಾಯಿಯ ಬಾವಿಗೆ ಖರ್ಚು ಮಾಡಲಾರದೆ ಕೈಚೆಲ್ಲಿದರೆ ನಾನು ಅವನನ್ನು ದೂರುವುದಿಲ್ಲ. ಅವನಿಗಾಗಿಯೇ ಸರಕಾರಿ ಪಶು ಆಸ್ಪತ್ರೆ ಇರುವುದು. ಆದರೆ ಈ ಪ್ರಶ್ನೆಯನ್ನು ನನಗೆ ಹೆಚ್ಚಾಗಿ ಕೇಳಿದವರು ಕುರಿಗಾಹಿಗಳಲ್ಲ, ಕಾರಿನಲ್ಲಿ ಬಂದವರು.

ಇನ್ನೊಂದು ತುದಿಯ ಅತಿರೇಕವನ್ನೂ ಹೇಳಬೇಕು. ದೊಡ್ಡ ಊರುಗಳಲ್ಲಿ ನಾಯಿಯ ಸ್ನಾನ, ಕ್ಷೌರ ಮಾಡುವ ಅಂಗಡಿಗಳು ಬಂದಿವೆ. ಅವುಗಳಲ್ಲಿ ಕೆಲವರು ಪ್ರತಿ ತಿಂಗಳೂ ಈ ಗ್ರಂಥಿಯನ್ನು ಹಿಂಡಿಸಲೇಬೇಕೆಂದು ಹಣ ಕೇಳುತ್ತಾರೆ. ಆರೋಗ್ಯವಾಗಿರುವ ನಾಯಿಗೆ ಅದರ ಅಗತ್ಯವಿಲ್ಲ. ಸುಮ್ಮನೆ ಹಿಂಡಿದರೆ ಆ ಜಾಗಕ್ಕೆ ಪೆಟ್ಟಾಗಿ ಇಲ್ಲದ ರೋಗ ಬಂದೀತು. ಹಾಗೆಯೇ ಎರಡು ಸಲ ತೊಂದರೆಯಾಯಿತೆಂದು ಒಮ್ಮೆಲೇ ಗ್ರಂಥಿ ತೆಗೆಸಿಬಿಡುವುದೂ ಸಲ್ಲದು. ಬೇರೆ ಉಪಾಯಗಳೆಲ್ಲ ಸೋತು ರೋಗ ಪದೇ ಪದೇ ಮರುಕಳಿಸಿದಾಗ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ; ಆದರೆ ಅಲ್ಲಿಯ ನರಗಳಿಗೆ ಧಕ್ಕೆಯಾದರೆ ನಾಯಿಗೆ ಮಲದ ಹಿಡಿತವೇ ತಪ್ಪುವ ಅಪಾಯವಿದೆ. ಅನುಭವಿಗಳ ಕೈಯಲ್ಲೇ ಮಾಡಿಸಬೇಕಾದ ಕೆಲಸವದು. ಮುದಿ ನಾಯಿಯ ಗುದದ ಬಳಿ ಗಂಟು ಕಂಡು, ಅದು ವಿಪರೀತ ನೀರು ಕುಡಿಯತೊಡಗಿದರೆ ಮಾತ್ರ ಒಂದು ದಿನವೂ ತಡಮಾಡಬೇಡಿರಿ, ಅದು ಅರ್ಬುದವಿರಬಹುದು.

ಈಗ ಸರಕಾರದ ಮಾತು. ನಮ್ಮ ಜನ ಪಶು ಆಸ್ಪತ್ರೆಯನ್ನು ಇಂದಿಗೂ "ದನದ ದವಾಖಾನಿ" ಎಂದೇ ಕರೆಯುತ್ತಾರೆ. ಹೆಸರಿನಲ್ಲೇ ನಾಯಿಗೆ ಜಾಗವಿಲ್ಲ. ಪಶುವೈದ್ಯ ಪದವಿಯಲ್ಲಿ ನಾಯಿಯ ಚಿಕಿತ್ಸೆಯನ್ನೂ ಕಲಿಸುತ್ತಾರೆ. ಕೊರತೆಯಿರುವುದು ವಿದ್ಯೆಯದಲ್ಲ, ವ್ಯವಸ್ಥೆಯದು. ಆಕಳು ಈಯಲಾರದೆ ಒದ್ದಾಡುವಾಗ ವೈದ್ಯರು ನಾಯಿಯನ್ನು ಬಿಟ್ಟು ಅಲ್ಲಿಗೆ ಓಡುವುದು ನ್ಯಾಯವೇ. ಆದ್ದರಿಂದಲೇ ನಾಯಿಗೆ ಬೇರೆ ಹೊತ್ತು ಬೇಕು. ನಾಲ್ಕೂ ತಾಲೂಕು ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ನಾಯಿ ಬೆಕ್ಕುಗಳಿಗೆಂದೇ ಮೀಸಲಿಡಲಿ. ಯಾವ ಚಿಕಿತ್ಸೆಗೆ ಎಷ್ಟು ಶುಲ್ಕವೆಂದು ಬಾಗಿಲಲ್ಲಿ ಬರೆದು ಹಾಕಲಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸುಮಾರಿಗೆ ನಡೆಯುವ ಲಸಿಕೆ ಶಿಬಿರಗಳಿಗೆ ನಾಯಿಗಳು ಹೇಗೂ ಬರುತ್ತವೆ. ಅಲ್ಲಿಯೇ ಬಾಲ ಎತ್ತಿ ಒಮ್ಮೆ ನೋಡುವುದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಅನುದಾನವೂ ಬೇಡ. ರಾಮದುರ್ಗದಿಂದ ಸುಮಾರು 100 ಕಿಲೋಮೀಟರು ಬೆಳಗಾವಿಗೆ ಹೋಗುವ ಬಾಡಿಗೆಯಾದರೂ ಉಳಿದೀತು.

ಇದು ನಮ್ಮ ಸೀಮೆಗೆ ಮಾನದ ಪ್ರಶ್ನೆಯೂ ಹೌದು. ರಾಮದುರ್ಗದ ಪಕ್ಕದಲ್ಲೇ ಮುಧೋಳ. ಅಲ್ಲಿಯ ಬೇಟೆನಾಯಿಯ ಚಿತ್ರವನ್ನು 2005ರಲ್ಲಿ ಅಂಚೆ ಚೀಟಿಯ ಮೇಲೆ ಅಚ್ಚು ಹಾಕಲಾಯಿತು. ಆ ತಳಿ ಸೈನ್ಯಕ್ಕೂ ಸೇರಿತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮೈಲಾರಲಿಂಗನ ಸೇವೆಯಲ್ಲಿ ವಗ್ಗಯ್ಯಗಳು ತಾವೇ ನಾಯಿಗಳಾಗಿ ಬೊಗಳುತ್ತಾರೆ. ನಾಯಿಯನ್ನು ಹೊರಗೆ ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಧರ್ಮರಾಯನ ಕಥೆಗೆ ನಾವು ಕೈಮುಗಿಯುತ್ತೇವೆ. ಕ್ರಿ.ಶ. 949-50ರ ಆತಕೂರು ಶಾಸನವನ್ನು ತರಗತಿಯಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ತನ್ನ ಒಡೆಯ ಬೂತುಗನಲ್ಲಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಸತ್ತ ಆ ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ಸತ್ತ ನಾಯಿಗೆ ಭೂಮಿ ಕೊಟ್ಟ ನಾಡಿನವರು ಬದುಕಿರುವ ನಾಯಿಗೆ ಕೆಲವು ನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುವುದು ಶೋಭೆಯಲ್ಲ.

ಮಾಡಬೇಕಾದದ್ದು ಬಹಳವಿಲ್ಲ. ನಾಯಿಗೆ ಬಿಸ್ಕೀಟು, ಹಾಲು, ಸಿಹಿ ಕಡಿಮೆ ಮಾಡಿರಿ. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಮಲ ಸಡಿಲಾಗುತ್ತದೆ. ಬೇಯಿಸಿದ ಸಿಹಿಗುಂಬಳವನ್ನೋ, ವೈದ್ಯರನ್ನು ಕೇಳಿ ಇಸಬ್ಗೋಲನ್ನೋ ಆಹಾರದಲ್ಲಿ ಬೆರೆಸಿದರೆ ನಾರಿನಂಶ ಸಿಕ್ಕಿ ಮಲ ಗಟ್ಟಿಯಾದೀತು. ದಿನವೂ ಓಡಾಡಿಸಿರಿ, ಬೊಜ್ಜು ಬರಗೊಡಬೇಡಿರಿ. ವಾರಕ್ಕೊಮ್ಮೆ ಬಾಲ ಎತ್ತಿ ನೋಡಿರಿ. ಬಾವು, ಕೆಂಪು, ರಕ್ತ ಕಂಡರೆ ಮನೆಯಲ್ಲೇ ಹಿಂಡಲು ಹೋಗಬೇಡಿರಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚೀತು. ಮೂತಿಗೆ ಮೆತ್ತನೆಯ ಬಟ್ಟೆ ಕಟ್ಟಿ ದವಾಖಾನೆಗೆ ಒಯ್ಯಿರಿ. ಅಲ್ಲಿ "ಎಲ್ಲಿ ನೋವು?" ಎಂದು ಕೇಳಿದರೆ ತಲೆ ತಗ್ಗಿಸದೆ ಹೇಳಿರಿ. ನಾಯಿ ಬೇಕೆಂದವರು ನಾಯಿಯನ್ನು ಪೂರ್ತಿಯಾಗಿ, ಮುಂದಿನ ಭಾಗವನ್ನಷ್ಟೇ ಅಲ್ಲ ಹಿಂದಿನ ಭಾಗವನ್ನೂ, ಸಾಕಬೇಕು. ಅದಕ್ಕೆ ಮನಸ್ಸಿಲ್ಲದವರು ಮರಿಯನ್ನು ತರದಿರುವುದೇ ಆ ಜೀವಕ್ಕೆ ಮಾಡುವ ಉಪಕಾರ.