ಮೊದಲನೆಯದು ಯಾವುದೆಂಬ ಪ್ರಶ್ನೆ

ಸರ್ಕಾರಿ ಹುದ್ದೆಗಳಿಗೆ ಅರ್ಜಿ ಕರೆದ ಪ್ರಕಟಣೆಯೊಂದು ಹೊರಟಿತೆಂದರೆ, ನಮ್ಮ ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ, ಪಂಚಾಂಗಕ್ಕೂ ವಾರಪತ್ರಿಕೆಗೂ ನಡುವಣ ಎಡೆಯಲ್ಲಿ, ‘ಸಾಮಾನ್ಯ ಜ್ಞಾನ’ವೆಂಬ ಹೆಸರನ್ನು ಹೊತ್ತ ದಪ್ಪ ದಪ್ಪ ಗ್ರಂಥಗಳು ರಾಶಿ ಬೀಳುತ್ತವೆ. ಇವುಗಳನ್ನು ಕಂಡೊಡನೆ ಮೂಗು ಮುರಿಯುವ ಪಂಡಿತವರ್ಗವೊಂದುಂಟು. ನಾನು ಆ ವರ್ಗಕ್ಕೆ ಸೇರಿದವನಲ್ಲ. ಹಳ್ಳಿಯ ಹುಡುಗನೊಬ್ಬನು ಒಂದೇ ಪುಸ್ತಕದ ನೆರವಿನಿಂದ ಇಮ್ಮಡಿ ಪುಲಕೇಶಿಯನ್ನೂ ರಿಸರ್ವ್ ಬ್ಯಾಂಕನ್ನೂ ಒಲಿಂಪಿಕ್ ಕ್ರೀಡೆಗಳನ್ನೂ ಜೀವಸತ್ತ್ವಗಳನ್ನೂ ಪರಿಚಯ ಮಾಡಿಕೊಳ್ಳುವನೆಂದರೆ, ಆ ಪರಿಚಯವು ಎಷ್ಟೇ ತೆಳುವಾಗಿರಲಿ, ಅದು ಅಪರಿಚಯಕ್ಕಿಂತ ಮೇಲಲ್ಲವೆ? ಚಂದನ ವಾಹಿನಿಯಲ್ಲಿ 2002ರಿಂದ ನಾ. ಸೋಮೇಶ್ವರರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು, ಸರಿಯುತ್ತರಕ್ಕೆ ಹಣದ ಬದಲು ಕನ್ನಡ ಪುಸ್ತಕವನ್ನು ಬಹುಮಾನವಾಗಿ ಇತ್ತು, ಅರಿವಿಗೆ ಅರಿವೇ ಪ್ರತಿಫಲವೆಂಬ ಭಾವನೆಯನ್ನು ಮನೆಮನೆಗೆ ತಂದುದು ಸಾಮಾನ್ಯವಾದ ಉಪಕಾರವಲ್ಲ.

ನನ್ನ ತಕರಾರಿರುವುದು ಆ ಗ್ರಂಥಗಳ ಒಂದು ಅಧ್ಯಾಯದ ಮೇಲೆ ಮಾತ್ರ. ಯಾವ ಪ್ರಕಾಶಕರ ಪುಸ್ತಕವನ್ನೇ ತೆರೆಯಿರಿ, ‘ಪ್ರಪ್ರಥಮಗಳು’ ಎಂಬ ಅಧ್ಯಾಯವೊಂದು ಇದ್ದೇ ಇರುತ್ತದೆ: ಮೊದಲ ಶಾಸನ, ಮೊದಲ ಕೃತಿ, ಮೊದಲ ಕಾರ್ಖಾನೆ, ಮೊದಲ ಗೆಲುವು. ಪ್ರಶ್ನಪತ್ರಿಕೆಯನ್ನು ರಚಿಸುವವರಿಗಂತೂ ಈ ಅಧ್ಯಾಯವು ಕಾಮಧೇನುವಾಗಿ ಪರಿಣಮಿಸಿದೆ. ವಿವಾದಕ್ಕೆಡೆಯಿಲ್ಲದ, ಒಂದೇ ಪದದಲ್ಲಿ ಮುಗಿಯುವ ಉತ್ತರವು ಅಲ್ಲಿ ಸಿಕ್ಕುವುದೆಂದು ಅವರ ನಂಬಿಕೆ. ನನಗಾದರೋ, ಸಾಮಾನ್ಯ ಜ್ಞಾನದ ಸಮಸ್ತ ಭಂಡಾರದಲ್ಲಿ ಅತ್ಯಂತ ಅನಿಶ್ಚಿತವೂ ಅತ್ಯಂತ ನಿಸ್ಸಾರವೂ ಆದ ಭಾಗವೆಂದರೆ ಇದೇ ಎಂದು ತೋರುತ್ತದೆ.

ಶಿವನಸಮುದ್ರದ ಸಂಗತಿಯನ್ನೇ ತೆಗೆದುಕೊಳ್ಳೋಣ. ಏಷ್ಯದ ಮೊತ್ತಮೊದಲ ಜಲವಿದ್ಯುದಾಗಾರ ಯಾವುದೆಂದರೆ ಶಿವನಸಮುದ್ರವೆಂದೂ, ವಿದ್ಯುದ್ದೀಪವನ್ನು ಕಂಡ ಏಷ್ಯದ ಮೊದಲ ನಗರ ಯಾವುದೆಂದರೆ ಬೆಂಗಳೂರೆಂದೂ ನಮ್ಮ ಮಕ್ಕಳು ನಿದ್ದೆಯಿಂದೆಬ್ಬಿಸಿ ಕೇಳಿದರೂ ಹೇಳಿಯಾರು. ಎರಡು ಉತ್ತರಗಳೂ ನಿಲ್ಲತಕ್ಕವಲ್ಲ. ಜಪಾನಿನ ಕ್ಯೋಟೋ ನಗರದಲ್ಲಿ ಬೀವಾ ಸರೋವರದ ಕಾಲುವೆಯ ನೀರಿನಿಂದ 1891ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸತೊಡಗಿದ್ದರು. ನಮ್ಮ ದೇಶದಲ್ಲಿಯೇ ಡಾರ್ಜಿಲಿಂಗಿನ ಬಳಿಯ ಸಿದ್ರಾಪೊಂಗ್ ಎಂಬಲ್ಲಿನ ಪುಟ್ಟ ಆಗಾರವು 1897ರದು. ಕಲ್ಕತ್ತೆಗೆ ವಿದ್ಯುತ್ ಪೂರೈಕೆ 1899ರಲ್ಲಿ ಮೊದಲಾಯಿತು. ಟೋಕಿಯೋದ ಬೀದಿಯು ಅದಕ್ಕೂ ಮುನ್ನವೇ ವಿದ್ಯುದ್ದೀಪವನ್ನು ಕಂಡಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರ ಆಗಸ್ಟ್ 5ರಂದು. ಇಷ್ಟು ಹೇಳಿದೊಡನೆ ನಾಡಿನ ಕೀರ್ತಿಗೆ ಕುಂದು ತಂದೆನೆಂದು ಯಾರಾದರೂ ಮುನಿಯಬಹುದು. ಅವರು ಕೊಂಚ ತಾಳಬೇಕು.

ಮೈಸೂರು ಸಂಸ್ಥಾನವು ಸಾಧಿಸಿದ ನಿಜವಾದ ಅದ್ಭುತವಿರುವುದು ಬೇರೆಡೆಯಲ್ಲಿ. 1902ರ ಜೂನ್ ತಿಂಗಳ ಕಡೆಯಲ್ಲಿ, ಕಾವೇರಿಯ ಧುಮುಕಿನಿಂದ ಹುಟ್ಟಿದ ಶಕ್ತಿಯು ಸುಮಾರು 92 ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ವಿದ್ಯುತ್ತನ್ನು ಹುಟ್ಟಿಸಿದ ಊರಿನಲ್ಲಿಯೇ ಬಳಸುವುದು ರೂಢಿಯಾಗಿದ್ದ ಆ ದಿನಗಳಲ್ಲಿ ಇಷ್ಟು ದೂರ ಅದನ್ನು ಸಾಗಿಸುವುದೆಂದರೆ ಸಾಹಸವೇ ಸರಿ. ಆ ಕಾಲಕ್ಕೆ ಅದು ಜಗತ್ತಿನ ಅತಿ ದೀರ್ಘವಾದ ತಂತಿಮಾರ್ಗಗಳಲ್ಲೊಂದಾಗಿತ್ತು. ಈ ಸಾಹಸಕ್ಕೆ ಕೈಹಾಕಿದುದಾದರೂ ಏತಕ್ಕೆ? ಗಣಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಉಗಿಗೆ ಉರುವಲು ಬೇಕು. ಕಲ್ಲಿದ್ದಲು ದೂರದಿಂದ ಬರಬೇಕು. ಗಣಿಯು ಆಳಕ್ಕಿಳಿದಷ್ಟೂ ವೆಚ್ಚ ಏರುತ್ತಿತ್ತು. ದಿವಾನ ಶೇಷಾದ್ರಿ ಅಯ್ಯರರ ಆಡಳಿತವು, ರಾಯಲ್ ಇಂಜಿನಿಯರ್ಸ್ ಪಡೆಯ ಲೊಟ್‌ಬಿನಿಯೇರ್ ಎಂಬ ಅಧಿಕಾರಿಯ ಯೋಜನೆಗೆ ಬೆಂಬಲವಾಗಿ ನಿಂತು ಕೆಲಸವನ್ನು ಹಿಡಿಸಿತು. ಫಲವನ್ನು ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಶೇಷಾದ್ರಿ ಅಯ್ಯರರಿಗೆ ದೊರೆಯಲಿಲ್ಲ. ಅವರು 1901ರಲ್ಲಿಯೇ ತೀರಿಕೊಂಡರು. ವಿಲಾಯತಿ ಕಂಪನಿಗಳ ಗಣಿಗೆ ಮೊದಲು ಹರಿದ ವಿದ್ಯುತ್ತು ಬೆಂಗಳೂರಿನ ಬೀದಿಗೆ ಮೂರು ವರ್ಷ ತಡವಾಗಿ ಬಂದಿತೆಂಬುದನ್ನೂ, ಆ ಕ್ರಮವು ಏಕೆ ಹಾಗಿತ್ತೆಂಬುದನ್ನೂ ಯೋಚಿಸಿದ ವಿದ್ಯಾರ್ಥಿಗೆ ಆ ಕಾಲದ ರಾಜಕಾರಣವೂ ಅರ್ಥಶಾಸ್ತ್ರವೂ ಒಟ್ಟಿಗೆ ತಿಳಿದುಬಿಡುತ್ತವೆ.

ಕಥೆ ಅಲ್ಲಿಗೆ ನಿಲ್ಲುವುದೂ ಇಲ್ಲ. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. ಗಣಿಗೆ ಮಾತು ಕೊಟ್ಟಷ್ಟು ಶಕ್ತಿಯನ್ನು ವರ್ಷವಿಡೀ ಪೂರೈಸಬೇಕಾದರೆ ಮೇಲ್ದಂಡೆಯಲ್ಲಿ ನೀರನ್ನು ಹಿಡಿದಿಡಬೇಕಾಗಿತ್ತು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾದುದಕ್ಕೆ ನೀರಾವರಿಯಂತೆಯೇ ಇದೂ ಒಂದು ಪ್ರಬಲ ಕಾರಣ. ಅಣೆಕಟ್ಟಿನಿಂದ ಹೊರಟ ನಾಲೆ ಮಂಡ್ಯದ ಬಯಲನ್ನು ಕಬ್ಬಿನ ಗದ್ದೆಯಾಗಿಸಿತು. ಕಬ್ಬಿನ ಬೆನ್ನ ಹಿಂದೆಯೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂದಿತು. ಕೋಲಾರದ ಚಿನ್ನಕ್ಕೂ ಮಂಡ್ಯದ ಸಕ್ಕರೆಗೂ ಇರುವ ಈ ಬಾಂಧವ್ಯವು ಯಾವ ‘ಪ್ರಪ್ರಥಮಗಳು’ ಪಟ್ಟಿಯಲ್ಲಿಯೂ ಸಿಕ್ಕದು. (ಕ್ವಿಜ಼್ ಪ್ರಿಯರಿಗೆ ಒಂದು ಕುತೂಹಲದ ತುಣುಕು ಬೇಕೇ ಬೇಕೆಂದಾದರೆ ಇದನ್ನು ಕೇಳಬಹುದು: ಶಿವನಸಮುದ್ರದ ಲೊಟ್‌ಬಿನಿಯೇರ್ ಮತ್ತು ಮಂಡ್ಯದ ಸಕ್ಕರೆ ಕಾರ್ಖಾನೆಗಾಗಿ ದುಡಿದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, ಇವರಿಬ್ಬರೂ ಯಾವ ದೇಶದವರು? ಕೆನಡಾದವರು.)

ಆಹಾರದ ವಿಷಯದಲ್ಲಿ ಈ ಚಾಪಲ್ಯವು ಇನ್ನೂ ವಿನೋದಕರವಾದ ರೂಪವನ್ನು ತಾಳುತ್ತದೆ. ಇಡ್ಲಿಯ ಮೊದಲ ಉಲ್ಲೇಖ ಎಲ್ಲಿದೆ? ಶಿವಕೋಟ್ಯಾಚಾರ್ಯನದೆಂದು ಪ್ರಸಿದ್ಧವಾದ, ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಎಂದು ಉತ್ತರ. ಕನ್ನಡಿಗನು ಇದನ್ನು ಕೇಳಿ ಹಿಗ್ಗುವುದು ಸಹಜ, ನನಗೂ ಹಿಗ್ಗಾಗದಿರಲಿಲ್ಲ. ಆದರೆ ಆ ‘ಇಡ್ಡಲಿಗೆ’ಯು ಎಂಥದಾಗಿತ್ತು ಎಂದು ಕೇಳುವವರು ವಿರಳ. ಅದಾದ ಸುಮಾರು ಒಂದು ಶತಮಾನದ ಮೇಲೆ, 1025ರ ಹೊತ್ತಿಗೆ, ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಬಗೆಯನ್ನು ಹೇಳುತ್ತಾನೆ, ಈತನು ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಲ್ಲ, ಅವನ ಹೆಸರಿನ ಇನ್ನೊಬ್ಬನು. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರನ್ನು ಬೆರಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳಿಂದ ಹದಗೊಳಿಸಬೇಕೆಂಬುದು ಅವನ ವಿಧಾನ. ಇನ್ನೊಂದು ಶತಮಾನ ಕಳೆದ ಮೇಲೆ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಇದರ ಸಂಸ್ಕೃತ ರೂಪವನ್ನು ಪ್ರಸ್ತಾಪಿಸುವಾಗಲೂ ಉದ್ದೇ ಅಲ್ಲಿಯ ಮುಖ್ಯ ದ್ರವ್ಯ.

ಗಮನಿಸಬೇಕಾದುದು ಇಲ್ಲಿದೆ. ಅಕ್ಕಿಯಿಲ್ಲ, ಹಿಟ್ಟನ್ನು ರಾತ್ರಿಯಿಡೀ ಹುದುಗು ಬರಿಸುವ ಮಾತಿಲ್ಲ, ಹಬೆಯಲ್ಲಿ ಬೇಯಿಸುವ ಪ್ರಸ್ತಾಪವೂ ಇಲ್ಲ. ಭಾರತೀಯ ಆಹಾರದ ಇತಿಹಾಸವನ್ನು ಬರೆದ, ಕೊಳ್ಳೇಗಾಲದಲ್ಲಿ ಹುಟ್ಟಿದ ವಿದ್ವಾಂಸ ಕೆ. ಟಿ. ಅಚ್ಚಯ್ಯನವರು ಈ ಮೂರು ಕೊರತೆಗಳನ್ನು ಎತ್ತಿ ತೋರಿಸಿ, ಹಬೆಯ ಅಡಿಗೆ ಇಂಡೋನೇಷ್ಯದ ಕಡೆಯಿಂದ ಬಂದಿರಬಹುದೇ ಎಂದು ಊಹಿಸಿದರು. ಅವರ ಊಹೆಯನ್ನು ಎಲ್ಲರೂ ಒಪ್ಪುವುದಿಲ್ಲ, ಅದು ಇರಲಿ. ಬೆಳಗಿನ ಎಂಟು ಗಂಟೆಗೆ ದರ್ಶಿನಿಯ ತಟ್ಟೆಯಲ್ಲಿ ಹಬೆಯಾಡುತ್ತ ಬರುವ ಬೆಳ್ಳನೆಯ ಇಡ್ಲಿಗೂ, ಆಚಾರ್ಯನ ಕಾಲದ ಇಡ್ಡಲಿಗೆಗೂ ಹೆಸರಿನ ನಂಟು ಗಟ್ಟಿಯಾಗಿದೆ, ಪದಾರ್ಥದ ನಂಟು ಅರ್ಧದಷ್ಟೇ ಇದೆ ಎಂದಮೇಲೆ, ‘ಮೊದಲ ಇಡ್ಲಿ’ ಎಂಬುದು ಏನನ್ನು ಹೇಳಿದಂತಾಯಿತು? ಉದ್ದಿನ ಜೊತೆಗೆ ಅಕ್ಕಿಯು ಯಾವಾಗ ಕೂಡಿತು, ಯಾವ ಗೃಹಿಣಿಯರ ಯಾವ ಅನುಭವದಿಂದ ಹಿಟ್ಟು ಉಬ್ಬುವ ಗುಟ್ಟು ನೆಲೆಗೊಂಡಿತು ಎಂಬ ಪ್ರಶ್ನೆಗಳಿಗೆ ಇಸವಿಯ ಉತ್ತರವಿಲ್ಲ. ಇಲ್ಲವೆಂಬ ಕಾರಣಕ್ಕಾಗಿಯೇ ಅವು ಪರೀಕ್ಷೆಯಿಂದ ಹೊರಗುಳಿದು, ಅವುಗಳೊಡನೆ ಅಡಿಗೆಮನೆಯ ಹೆಂಗಸರ ಇಡೀ ಜ್ಞಾನಪರಂಪರೆಯೂ ಹೊರಗುಳಿಯಿತು.

ಕ್ರೀಡೆಯ ಮಾತು ಒಂದೇ ಸಾಕು. ಕರ್ನಾಟಕವು ರಣಜಿ ಟ್ರೋಫಿಯನ್ನು ಮೊದಲು ಗೆದ್ದುದು 1973–74ರಲ್ಲಿ, ಜಯಪುರದಲ್ಲಿ, ರಾಜಸ್ಥಾನದ ಎದುರು. ಉತ್ತರ ಸರಿಯೇ. ಆದರೆ ನಿಜವಾದ ಕದನ ನಡೆದುದು ಅದಕ್ಕೆ ಮುಂಚೆ ಬೆಂಗಳೂರಿನ ಸೆಮಿಫೈನಲಿನಲ್ಲಿ. ಹದಿನೈದು ವರ್ಷಗಳ ಕಾಲ ಪಟ್ಟವನ್ನು ಬಿಟ್ಟುಕೊಡದಿದ್ದ ಮುಂಬಯಿ ತಂಡವನ್ನು, ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳ ಬಲದ ಮೇಲೆ, ಪ್ರಸನ್ನನ ನಾಯಕತ್ವದ ತಂಡವು ಮೊದಲ ಇನಿಂಗ್ಸಿನ ಮುನ್ನಡೆಯಿಂದ ಹಿಂದಿಕ್ಕಿತು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಕಾಲು ಜಾರಿ ರನ್‌ಔಟ್ ಆಗದಿದ್ದರೆ ಏನಾಗುತ್ತಿತ್ತೆಂದು ಹಿರಿಯ ಪ್ರೇಕ್ಷಕರು ಇಂದಿಗೂ ಚರ್ಚಿಸುವುದುಂಟು. 1941–42ರಲ್ಲಿಯೂ 1959–60ರಲ್ಲಿಯೂ ಇದೇ ಮುಂಬಯಿಗೆ ಫೈನಲಿನಲ್ಲಿ ಸೋತಿದ್ದ ತಂಡದ ಹೆಸರು ಮೈಸೂರು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾಯಿತು. ಹೊಸ ಹೆಸರಿನ ಮೊದಲ ಋತುವಿನಲ್ಲಿಯೇ ಗೆಲುವು ಒದಗಿತು. ಹಿಂದಿನ ಸೋಲುಗಳನ್ನರಿಯದವನಿಗೆ ಆ ಗೆಲುವು ಬರಿಯ ಅಂಕಿಯಾಗಿ ಉಳಿಯುತ್ತದೆ.

ಇನ್ನು ಶಾಸನ, ಸಾಹಿತ್ಯಗಳ ಮಾತು. ನಮ್ಮ ತಲೆಮಾರಿನವರೆಲ್ಲರೂ ಕನ್ನಡದ ಮೊದಲ ಶಾಸನ ಹಲ್ಮಿಡಿಯದೆಂದು ಕಲಿತವರು: ಕಾಲ ಸುಮಾರು ಕ್ರಿ. ಶ. 450, 1936ರಲ್ಲಿ ಡಾ. ಎಂ. ಎಚ್. ಕೃಷ್ಣರಿಂದ ಬೆಳಕಿಗೆ ಬಂದುದು. ಈಚೆಗೆ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ದೊರೆತ ಸಿಂಹಕಟಾಂಜನದ ಮೇಲಣ ಬರಹವು ಕ್ರಿ. ಶ. 370ರದೆಂದು ಪುರಾತತ್ತ್ವಜ್ಞರು ಹೇಳಿದ ಮೇಲೆ, ಹೊಸ ಆವೃತ್ತಿಯ ಪುಸ್ತಕಗಳಲ್ಲಿ ಹಲ್ಮಿಡಿಯ ಸ್ಥಾನ ಅಲುಗಾಡಿದೆ. ಹಳೆಯ ಆವೃತ್ತಿಯನ್ನು ಓದಿ ಬಂದವನಿಗೆ ಅಂಕ ಸಿಕ್ಕುವುದೋ ಇಲ್ಲವೋ ಎಂಬುದು ಅವನ ಅದೃಷ್ಟ. ನಾಳೆ ಇನ್ನೊಂದು ಹೊಲದಲ್ಲಿ ಇನ್ನೊಂದು ಕಲ್ಲು ಸಿಕ್ಕರೆ ತಾಳಗುಂದವೂ ಪಟ್ಟದಿಂದಿಳಿಯಬೇಕಾದುದೇ. ಪ್ರಥಮವೆಂದರೆ ಈವರೆಗೆ ನಮ್ಮ ಕಣ್ಣಿಗೆ ಬಿದ್ದುದರಲ್ಲಿ ಪ್ರಥಮ, ಅಷ್ಟೆ. ಹಲ್ಮಿಡಿಯ ಆ ಕಲ್ಲಿನಲ್ಲಿ ಕನ್ನಡವು ಎಷ್ಟರಮಟ್ಟಿಗೆ ಸಂಸ್ಕೃತದ ಕೈಹಿಡಿದು ನಡೆಯುತ್ತಿತ್ತೆಂಬ ವಿಚಾರವಾದರೋ ಯಾವ ಹೊಸ ಕಲ್ಲು ಸಿಕ್ಕರೂ ಬೆಲೆ ಕಳೆದುಕೊಳ್ಳದು.

ಈ ವಿಷಯದಲ್ಲಿ ನಮಗೆ ದಾರಿ ತೋರಬಲ್ಲ ಗ್ರಂಥವು ಪಟ್ಟಿಯಲ್ಲಿಯೇ ಇರುವುದೊಂದು ಸೋಜಿಗ. ಉಪಲಬ್ಧ ಕನ್ನಡ ಕೃತಿಗಳಲ್ಲಿ ಮೊದಲನೆಯದೆಂದು ನಾವು ಎಣಿಸುವ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದ ನಡುವೆ ಮೂಡಿದ ‘ಕವಿರಾಜಮಾರ್ಗ’ವು ತನಗಿಂತ ಮುಂಚಿನ ಗದ್ಯಕಾರರನ್ನೂ ಪದ್ಯಕಾರರನ್ನೂ, ದುರ್ವಿನೀತ, ನಾಗಾರ್ಜುನ, ಜಯಬಂಧು ಮೊದಲಾದವರನ್ನು, ಆದರದಿಂದ ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಮೊದಲ ಗ್ರಂಥವೇ ‘ನಾನು ಮೊದಲಿನವನಲ್ಲ’ ಎಂದು ಸಾಕ್ಷಿ ನುಡಿಯುತ್ತಿರುವಾಗ, ಪ್ರಶ್ನಪತ್ರಿಕೆಯು ಅದನ್ನು ಬಲವಂತದಿಂದ ಮೊದಲ ಆಸನದಲ್ಲಿ ಕೂರಿಸುತ್ತಲೇ ಇದೆ.

ಇದಕ್ಕೆ ಪ್ರಶ್ನೆ ರಚಿಸುವವರು ಕೊಡುವ ಸಮಾಧಾನವನ್ನು ನಾನು ಬಲ್ಲೆ. ಲಕ್ಷಾಂತರ ಅಭ್ಯರ್ಥಿಗಳು, ನಾಲ್ಕು ಆಯ್ಕೆಗಳು, ಯಂತ್ರದಿಂದ ಮೌಲ್ಯಮಾಪನ. ಇಂಥಲ್ಲಿ ಕಾರಣಮೀಮಾಂಸೆಗೆ ಎಡೆಯೆಲ್ಲಿ ಎಂಬುದು ಅವರ ವಾದ. ವಾದವು ತೂಕವುಳ್ಳದ್ದೇ. ಆದರೆ ಒಂದೇ ನಿಶ್ಚಿತ ಉತ್ತರ ಬೇಕೆಂಬ ಕಾರಣದಿಂದ ಆರಿಸಿಕೊಂಡ ಪ್ರಶ್ನೆಗೇ ನಿಶ್ಚಿತತೆಯಿಲ್ಲದೆ, ಕೀ ಉತ್ತರ ಪ್ರಕಟವಾದೊಡನೆ ಆಕ್ಷೇಪಣೆಗಳು ಕಂತೆಕಂತೆಯಾಗಿ ಬರುವುದನ್ನು ಅವರೂ ಬಲ್ಲರು. ಮೇಲಾಗಿ, ಕಾರಣವನ್ನೂ ನಾಲ್ಕು ಆಯ್ಕೆಗಳಲ್ಲಿ ಕೇಳಬಹುದು. ರಚಿಸುವವನು ಮಾತ್ರ ತುಸು ಓದಿಕೊಂಡಿರಬೇಕು.

ಮೈಸೂರು ಶ್ರೀಗಂಧದೆಣ್ಣೆಯ ಕಾರ್ಖಾನೆ ಯಾವ ವರ್ಷದಲ್ಲಿ ಆರಂಭವಾಯಿತೆಂದು ಕೇಳುವುದು ವಾಡಿಕೆ. 1916 ಎಂದು ಗುರುತು ಹಾಕಿ ಹುಡುಗನು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಅದರ ಬದಲು ಹೀಗೆ ಕೇಳಲಿ: 1914ರ ಬಳಿಕ ಮೈಸೂರಿನ ಶ್ರೀಗಂಧವು ಮಾರಾಟವಾಗದೆ ಉಳಿದುದೇಕೆ? ಸ್ಪೈಕ್ ರೋಗದಿಂದಲೋ, ರೈಲಿನ ಕೊರತೆಯಿಂದಲೋ, ಅರಮನೆಯ ನಿಷೇಧದಿಂದಲೋ, ಯುದ್ಧದಿಂದಾಗಿ ಜರ್ಮನಿಯ ವ್ಯಾಪಾರ ಕಡಿದುಹೋದುದರಿಂದಲೋ? ಸ್ಪೈಕ್ ರೋಗವು ಆಗಲೇ ಗಂಧದ ಮರಗಳನ್ನು ಕಾಡುತ್ತಿದ್ದುದು ನಿಜವಾದುದರಿಂದ ಅರೆಬರೆ ತಿಳಿದವನು ಅಲ್ಲಿ ಎಡವುತ್ತಾನೆ. ತಿಳಿದವನು ಜರ್ಮನಿಗೆ ಬರುತ್ತಾನೆ. ನಮ್ಮ ಗಂಧದ ಕೊರಡು ಅಲ್ಲಿಯವರೆಗೆ ಹಡಗೇರಿ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧವು ಆ ದಾರಿಯನ್ನು ಮುಚ್ಚಿದಾಗ, ಎಣ್ಣೆ ತೆಗೆಯುವ ವಿದ್ಯೆಯನ್ನು ಇಲ್ಲಿಯೇ ಸಾಧಿಸಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವೂ ದಿವಾನ ವಿಶ್ವೇಶ್ವರಯ್ಯನವರೂ ನಿಶ್ಚಯಿಸಿದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಕೈಜೋಡಿಸಿದರು. ಎಣ್ಣೆ ಕೈಗೆ ಬಂದ ಮೇಲೆ ಸಾಬೂನಿನ ಯೋಚನೆ ಹುಟ್ಟಿ, ಆ ವಿದ್ಯೆಯನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋದರು. ಇಷ್ಟನ್ನು ಅರಿತವನಿಗೆ 1916ನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಬೇಕಾದ ಪ್ರಮೇಯವೇ ಬರುವುದಿಲ್ಲ. ಯುದ್ಧದ ಇಸವಿಗೆ ಎರಡು ವರ್ಷ ಕೂಡಿಸಿಕೊಂಡಾನು.